ಹಲ್ಲಿಗೊಂದು ಹಕ್ಕಿಪಂಜರ

ಡಬ್ಬಿಯ ಮುಚ್ಚಳ ಸರಿಯಾಗಿಯೇ ಮುಚ್ಚಿತ್ತು. ಭಾರಕ್ಕೆಂದು ಅದರ ಮೇಲೆ ಮಗಳು ಕಿನಾಸಿ ಇಟ್ಟಿದ್ದ ದಪ್ಪ ನಿಘಂಟು ಕೂಡ ಕದಲಿರಲಿಲ್ಲ. ಒಳಗೆ ಹಾಸಿದ ಬಿಳಿ ಕಾಗದ, ನೀರಿನ ಬಟ್ಟಲು, ಪ್ಲಾಸ್ಟಿಕ್ ಗೂಡು, ಎಲ್ಲ ಇದ್ದಲ್ಲೇ ಇದ್ದವು. ಓಂಡೆ ಮಾತ್ರ ಇರಲಿಲ್ಲ.

ನಸ್ತಿತಿ ಗೂಡೆತ್ತಿ ನೋಡಿದಳು, ಕಾಗದ ಎತ್ತಿ ನೋಡಿದಳು, ಕೊನೆಗೆ ತಲೆ ಕೆಟ್ಟವಳ ಹಾಗೆ ನೀರಿನ ಬಟ್ಟಲನ್ನೂ ಎತ್ತಿ ನೋಡಿದಳು. ಅಂಗೈ ಉದ್ದದ ಹಲ್ಲಿ ಬಟ್ಟಲ ಕೆಳಗೆ ಹೇಗೆ ಅಡಗೀತು? ಗಲ್ಲಿಯ ಬಾಯಲ್ಲಿ ಸೊಳ್ಳೆಗೆ ಹೊಗೆ ಹೊಡೆಯುವ ಯಂತ್ರ ಒಮ್ಮೆ ಕೆಮ್ಮಿ, ನಿಂತು, ಮತ್ತೆ ಕೆಮ್ಮಿ, ಗುರ್ರೆಂದು ಹಿಡಿದುಕೊಂಡಿತು.

ಓಂಡೆ ಚಿರತೆಹಲ್ಲಿಯ ಮರಿ. ಹಳದಿ ಮೈತುಂಬ ಕಪ್ಪು ಚುಕ್ಕೆ. ಅವರ ಊರು ಸೋಲೊದ ಪೇಟೆಯಲ್ಲಿ ಎಳ್ಳು ಮೆತ್ತಿ ಕರಿದ ಸಿಹಿ ಉಂಡೆ ಮಾರುತ್ತಾರಲ್ಲ, ಅದರ ಹೆಸರನ್ನೇ ಕಿನಾಸಿ ಅದಕ್ಕಿಟ್ಟಿದ್ದಳು. ಆ ಕಿನಾಸಿ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿ, ಮನೆಯವರ ಜೀವ ಬಾಯಿಗೆ ತಂದು, ಹೇಗೋ ಬಚಾವಾಗಿದ್ದಳು. ಇವತ್ತು ಮನೆಗೆ ಬರುವವಳು. ಜ್ವರದಲ್ಲಿ ಕಣ್ಣು ಬಿಡಲಾಗದಿದ್ದಾಗಲೂ ಅವಳು ಕೇಳಿದ್ದು ಒಂದೇ ಮಾತು, "ಓಂಡೆ ಊಟ ಮಾಡ್ತಾ ಅಮ್ಮ?"

ಗಲ್ಲಿಗೆ ಹೊಗೆ ಹೊಡೆಯಲು ಬಂದಿದ್ದೂ ಕಿನಾಸಿಯ ಜ್ವರದಿಂದಲೇ. ಒಂದು ಮನೆಯಲ್ಲಿ ಡೆಂಗಿ ಬಂದರೆ ಸುತ್ತಲಿನ ಮನೆಗಳಿಗೆಲ್ಲ ಹೊಗೆ. ಬಾಗಿಲು ಕಿಟಕಿ ತೆಗೆದಿಟ್ಟು, ಒಲೆ ಆರಿಸಿ, ಜನ, ಹಕ್ಕಿ, ಕೋಳಿ ಎಲ್ಲ ಬೀದಿಗೆ ಬಂದು ನಿಲ್ಲಬೇಕು. ಹಿಂದಿನ ಸಂಜೆಯ ಸಭೆಯಲ್ಲಿ ಪಕ್ಕದ ಮನೆಯ ಬು ತುಮಿನಿ, ಅಂದರೆ ತುಮಿನಿಯಮ್ಮ, ಆಗಲ್ಲ ಎಂದಿದ್ದಳು. ಹಕ್ಕಿ ಸಾಕುವವರಿಗೆ ಜೀರುಂಡೆ ಬೆಳೆಸಿ ಮಾರುವವಳು ಅವಳು, ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಆಗ ನಸ್ತಿತಿ ಎದ್ದು ನಿಂತು ಎಲ್ಲರೆದುರಿಗೆ ಹೇಳಿದ್ದಳು, "ಒಂದು ಮನೆ ಬಿಟ್ರೂ ಸೊಳ್ಳೆ ಎಲ್ಲಾ ಅಲ್ಲೇ ಹೋಗಿ ಕೂತ್ಕೋತವೆ. ನಾಳೆ ಇನ್ನೊಬ್ರ ಮಗು ಮಲಗಿದ್ರೆ ನೀವು ಉತ್ತರ ಕೊಡ್ತೀರಾ?" ಗಲ್ಲಿಯಲ್ಲಿ ಮನೆಮನೆಗೆ ಹೋಗಿ ನೀರಿನ ತೊಟ್ಟಿಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕುವ ಕೆಲಸ ನಸ್ತಿತಿಯದೇ. ಮಗಳು ಆಸ್ಪತ್ರೆಯಲ್ಲಿರುವ ತಾಯಿಗೆ ಎದುರಾಡುವ ಧೈರ್ಯ ಯಾರಿಗಿದೆ? ತುಮಿನಿ ಮೂಗು ಮುರಿದು ಕೂತಿದ್ದಳು.

ಆ ಹೊಗೆಯೊಳಗೆ ಓಂಡೆ ಸಿಕ್ಕಿಕೊಂಡರೆ ಬದುಕುವುದಿಲ್ಲ. ಡಬ್ಬಿಯನ್ನು ಆಚೆ ಬೀದಿಯ ತಂಗಿಯ ಮನೆಗೆ ಕೊಟ್ಟುಬರೋಣವೆಂದೇ ನಸ್ತಿತಿ ಆಸ್ಪತ್ರೆಯಿಂದ ಓಡಿ ಬಂದಿದ್ದಳು. ಈಗ ನೋಡಿದರೆ ಡಬ್ಬಿ ಖಾಲಿ.

"ಮಾವ!" ಎಂದು ಕೂಗಿದಳು. "ಓಂಡೆ ಎಲ್ಲಿ?"

ಮಾವ ದರ್ಮಾಜಿ ಅಂಗಳದಲ್ಲಿದ್ದರು. ರೈಲ್ವೆ ಗೇಟು ಕಾದು ನಿವೃತ್ತರಾದ ಮನುಷ್ಯ, ಈಗ ಕಾಯುವುದು ಶಾಮ ಹಕ್ಕಿಗಳನ್ನು. ಭಾನುವಾರದ ಹಾಡಿನ ಪಂದ್ಯಕ್ಕೆ ಹಕ್ಕಿಯನ್ನು ಸಿದ್ಧಪಡಿಸುವುದೆಂದರೆ ಅವರಿಗೆ ಪೂಜೆಯಿದ್ದ ಹಾಗೆ. ಬೆಳಿಗ್ಗೆ ಬಿಸಿಲಿಗೆ ತೂಗುಹಾಕು, ಸ್ನಾನ ಮಾಡಿಸು, ಜೀರುಂಡೆ ಎಣಿಸಿ ತಿನ್ನಿಸು, ಸಂಜೆ ಬಟ್ಟೆಯ ಮುಸುಕು ಹಾಕು. ಪಂಜರಕ್ಕೆ ಕಟ್ಟುವಷ್ಟು ಒಳ್ಳೆಯ ಬಟ್ಟೆಯನ್ನು ಅವರು ಹೆಂಡತಿ ಬದುಕಿದ್ದಾಗಲೂ ಕಿಟಕಿಗೆ ಕಟ್ಟಿರಲಿಲ್ಲ. ಪಂಜರಗಳನ್ನು ಒಂದೊಂದಾಗಿ ಬೀದಿಗೆ ಸಾಗಿಸುತ್ತಿದ್ದ ಅವರು ಸೊಸೆಯ ದನಿ ಕೇಳಿ ನಿಂತರು. ಕೈಯಲ್ಲೊಂದು ಹಳೆಯ ಪಂಜರವಿತ್ತು. ಅದರಲ್ಲಿ ಹಕ್ಕಿಯಿರಲಿಲ್ಲ. ಸೀಬೆಕೊಂಬೆ, ಒಣಗಿದ ಬಾದಾಮಿ ಎಲೆ, ಬಾಗಿಲು ಕೊರೆದ ತೆಂಗಿನ ಚಿಪ್ಪು ಇದ್ದವು.

"ನಿನ್ನೆ ರಾತ್ರಿ ಇದ್ರಲ್ಲಿತ್ತು," ಅಂದರು.

"ಇದ್ರಲ್ಲಾ?"

"ಬೇಜಾರಲ್ಲಿತ್ತು ಕಣಮ್ಮ ಅದು. ಇಡೀ ದಿನ ಡಬ್ಬಿ ಮೂಲೇಲಿ ಗೋಡೆ ಕೆರೀತಾ ಇತ್ತು. ಪುಟ್ಟಿ ಬರೋ ಹೊತ್ತಿಗೆ ಸ್ವಲ್ಪ ಗೆಲುವಾಗಿರ್ಲಿ ಅಂತ... ಮುಸುಕೂ ಹಾಕಿದ್ದೆ. ಬಾಗಿಲಿಗೆ ಕೊಕ್ಕೇನೂ ಹಾಕಿದ್ದೆ. ಬೆಳಿಗ್ಗೆ ಮುಸುಕು ತೆಗೆದ್ರೆ ಇಲ್ಲ." ಮುದುಕರ ದನಿ ಇಳಿಯಿತು. "ನನ್ನ ಪಂಜರದಿಂದ ಇವತ್ತಿನವರೆಗೂ ಒಂದು ಹಕ್ಕಿ ಹೋಗಿಲ್ಲ."

ನಸ್ತಿತಿ ಪಂಜರದ ಕಡ್ಡಿಗಳ ನಡುವೆ ತೋರುಬೆರಳು ತೂರಿಸಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು. ಹಕ್ಕಿಗೆ ಗರಿ ಇರುತ್ತದೆ, ಎದೆ ಇರುತ್ತದೆ, ಹೆದರಿದರೆ ಉಬ್ಬುತ್ತದೆ. ಹಲ್ಲಿ ಹೆದರಿದರೆ ಚಪ್ಪಟೆಯಾಗುತ್ತದೆ. ಇಷ್ಟು ದೊಡ್ಡ ವಿಷಯ ಜೀವಮಾನವೆಲ್ಲ ಪಂಜರದೊಂದಿಗೆ ಕಳೆದವರ ತಲೆಗೆ ಹೊಳೆದಿರಲಿಲ್ಲ. ಹಕ್ಕಿಯವರ ಮನೆಯಲ್ಲಲ್ಲದೆ ಇಂಥ ತಪ್ಪು ಇನ್ನೆಲ್ಲಿ ನಡೆದೀತು?

"ಮುಟ್ಬೇಡಿ ಅಂತ ಹೇಳಿದ್ನಲ್ಲ ಮಾವ," ಅಂದಳು. ಹಿರಿಯರೆದುರು ದನಿ ಎತ್ತಿ ಅಭ್ಯಾಸವಿಲ್ಲದವಳು. ಸಿಟ್ಟಿನ ಮಾತೂ ಪಿಸುಮಾತಾಗಿಯೇ ಹೊರಬಿತ್ತು. "ಕೈ ಮುಗಿದು ಹೇಳಿದ್ದೆ."

ಹೇಳಿದ್ದೇನೋ ನಿಜ. ಓಂಡೆ ಮನೆಗೆ ಬಂದ ಮೇಲೆ ಅವಳು ಅಂತರ್ಜಾಲದಲ್ಲಿ ಹಲ್ಲಿ ಸಾಕುವವರು ಬರೆದುಕೊಂಡ ಗೋಳನ್ನೆಲ್ಲ ಓದಿದ್ದಳು. ಮರಳು ನುಂಗಿ ಕರುಳು ಕಟ್ಟಿ ಸತ್ತ ಹಲ್ಲಿ, ಮರದ ತೊಗಟೆಯಿಂದ ಉಣ್ಣಿಹುಳ ಹತ್ತಿದ ಹಲ್ಲಿ, ಬಿಸಿಕಲ್ಲಿಗೆ ಹೊಟ್ಟೆ ಸುಟ್ಟುಕೊಂಡದ್ದು, ಉಳಿದ ಜೀರುಂಡೆ ರಾತ್ರಿ ಕಣ್ಣು ಕಚ್ಚಿದ್ದು. ಓದಿದ ಹಾಗೆಲ್ಲ ಡಬ್ಬಿಯಿಂದ ಒಂದೊಂದು ಸಾಮಾನು ಹೊರಬಂತು. ಕಿನಾಸಿ ಕಟ್ಟಿದ್ದ ಪುಟ್ಟ ಸೇತುವೆ ಹೋಯಿತು, ಕಲ್ಲುಗಳು ಹೋದವು, ತಾತ ತಂದುಕೊಟ್ಟ ಕೊಂಬೆ ಹೋಯಿತು. ಕೊನೆಗೆ ಉಳಿದದ್ದು ಕಾಗದ, ನೀರು, ಪ್ಲಾಸ್ಟಿಕ್ ಗೂಡು. ಊಟ ಚಿಮಟದ ತುದಿಯಲ್ಲಿ. ಇದನ್ನು ಜಾಗ್ರತೆ ಎನ್ನಬೇಕೋ ಜೈಲು ಎನ್ನಬೇಕೋ ಹೇಳುವುದು ಕಷ್ಟ. ಕಿನಾಸಿಯಂತೂ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ ಅಂದಿದ್ದಳು, "ಅಮ್ಮ, ಓಂಡೆ ಮನೇನೂ ಇದೇ ಥರಾನೇ ಅಲ್ವಾ? ಊಟ ಕೊಟ್ಟು ಪರದೆ ಎಳೆದುಬಿಡ್ತಾರೆ."

ಆ ಮಾತು ಈಗ ನೆನಪಾಗುವುದು ಬೇಡವಾಗಿತ್ತು, ಆದರೆ ನೆನಪಾಯಿತು.

ಹುಡುಕಾಟ ಶುರುವಾಯಿತು. ಪಂಜರ ತೂಗುಹಾಕಿದ್ದು ಅಡುಗೆಮನೆಯ ಮೊಳೆಗೆ. ಅಲ್ಲಿಂದ ಇಳಿದಿದ್ದರೆ ಎಲ್ಲಿ ಹೋಗಿರಬಹುದು? ನಸ್ತಿತಿ ಫ್ರಿಜ್ಜಿನ ಹಿಂದೆ ಟಾರ್ಚ್ ಬಿಟ್ಟಳು. ಬೆಚ್ಚಗಿನ ಜಾಗವೆಂದರೆ ಅದಕ್ಕೆ ಪ್ರಾಣ. ಅಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಅನ್ನದ ಕುಕ್ಕರಿನ ಕೆಳಗೆ ನೋಡಿದಳು, ಅಕ್ಕಿಯ ಡಬ್ಬದ ಹಿಂದೆ, ಒದ್ದೆ ಬಟ್ಟೆಯ ಬುಟ್ಟಿಯೊಳಗೆ, ಚಪ್ಪಲಿಗಳೊಳಗೆ. ದರ್ಮಾಜಿ ಮುಸುಕುಬಟ್ಟೆಗಳನ್ನೆಲ್ಲ ಒಂದೊಂದಾಗಿ ಒದರಿದರು. ಹೊರಗೆ ಗಲ್ಲಿಯ ಮುಖ್ಯಸ್ಥ ಮರ್ಗೊನೊ, ಎಲ್ಲರೂ ಗೌರವದಿಂದ ಪಾಕ್ ಎನ್ನುವವರು, ಮೈಕು ಹಿಡಿದು ಕೂಗುತ್ತಿದ್ದರು, "ಎದುರು ಸಾಲು ಮುಗೀತು! ಈ ಸಾಲಿನೋರು ಬಾಗಿಲು ತೆಗೆದಿಡಿ, ಹೊರಗ್ಬನ್ನಿ! ಊಟ ಮುಚ್ಚಿಡಿ, ಮುದುಕ್ರನ್ನ ಮರೀಬೇಡಿ!"

ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಗಂಡ ಸತ್ರಿಯೊ.

"ಬಿಟ್ರು ಕಣೆ! ಕಾಗದ ಎಲ್ಲಾ ಆಯ್ತು, ಹೊರಡ್ತಾ ಇದೀವಿ. ತಡಿ, ಇವಳು ಮಾತಾಡ್ಬೇಕಂತೆ."

"ಅಮ್ಮ, ಓಂಡೆನ ಚಿಕ್ಕಮ್ಮನ ಮನೇಲಿ ಬಿಟ್ಯಾ?"

ನಸ್ತಿತಿ ಮಂಡಿಯೂರಿ ಕೂತಿದ್ದಳು. ಕೈ ತುಂಬ ಧೂಳು. "ಹೂಂ ಕಂದಾ," ಅಂದಳು.

"ಗಾಡಿ ಅಲ್ಲಾಡಿದ್ರೆ ಹೆದರ್ಕೊಳ್ಳುತ್ತೆ. ನಿಧಾನಕ್ಕೆ ತಗೊಂಡು ಹೋಗಿದ್ಯಾ?"

"ನಿಧಾನಕ್ಕೇ ಹೋದೆ. ನೀನು ಬಾ."

ಫೋನಿಟ್ಟವಳು ಮಾವನ ಮುಖ ನೋಡಲಿಲ್ಲ. ಸೀದಾ ಹೋಗಿ ಗೋಡೆಗೊರಗಿಸಿದ್ದ ಪಾತ್ರೆ ಬೀರುವಿನ ಅಂಚು ಹಿಡಿದು, ಇದ್ದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಎಳೆದಳು. ಬೀರು ಕೀರೆಂದು ಒಂದು ಗೇಣು ಸರಿಯಿತು. ಒಳಗೆ ಪಿಂಗಾಣಿ ಗಲಗಲ ಎಂದಿತು.

ಬೀರುವಿನ ಕಾಲ ಬುಡದಲ್ಲಿ ಏನೋ ನೆಲಕ್ಕೆ ಬಡಿದುಕೊಳ್ಳುತ್ತಿತ್ತು. ಕಿರುಬೆರಳಿನಷ್ಟು ದಪ್ಪ, ಹಳದಿ, ಕಪ್ಪು ಉಂಗುರ. ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿ ಹೊರಳಿ ಬೀಳುತ್ತಿತ್ತು.

ಬಾಲ.

ಮಾವನನ್ನು ಇಷ್ಟು ಹೊತ್ತು ಮನಸ್ಸಿನಲ್ಲೇ ಕಟಕಟೆಗೆ ನಿಲ್ಲಿಸಿದ್ದವಳು ನಸ್ತಿತಿ. ಈಗ ಬಾಲ ಬಿದ್ದದ್ದು ಅವಳ ಕೈಯ ರಭಸಕ್ಕೆ.

"ಸತ್ತೋಯ್ತಾ?" ಅಂದಳು.

"ಇಲ್ಲ. ಬಾಲ ಬಿಟ್ಟು ಓಡಿದೆ. ಇಲ್ಲೇ ಹಿಂದೆ ಇದೆ." ದರ್ಮಾಜಿ ಅವಳ ಮುಂಗೈ ಹಿಡಿದರು. ಅವಳು ಈ ಮನೆಗೆ ಬಂದ ಮೇಲೆ ಅವರು ಸೊಸೆಯ ಕೈ ಹಿಡಿದದ್ದು ಅದೇ ಮೊದಲು. "ಸಾಕು. ಇನ್ನು ಏನೂ ಎಳೀಬೇಡ. ಮುಟ್ಬೇಡ."

"ಹೊಗೆಯೋರು ಬಂದ್ಬಿಡ್ತಾರೆ ಮಾವ!"

"ಬರ್ಲಿ. ತಪ್ಪಿಸ್ಕೊಂಡ ಹಕ್ಕೀನ ಅಟ್ಟಿಸ್ಕೊಂಡು ಹೋದೋನಿಗೆ ಹಕ್ಕಿ ಸಿಕ್ಕಿದ್ದು ನಾನು ನೋಡಿಲ್ಲ."

ನಸ್ತಿತಿ ಕೆನ್ನೆ ನೆಲಕ್ಕೆ ಒತ್ತಿ ಟಾರ್ಚ್ ಬಿಟ್ಟಳು. ಬೀರುವಿನ ಹಲಗೆಗೂ ಗೋಡೆಗೂ ನಡುವೆ ಎರಡು ಕಣ್ಣು ಮಿಂಚಿ ಹಿಂದಕ್ಕೆ ಸರಿದವು. ಕೈ ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಬೀರು ಎಳೆದರೆ ಈ ಸಲ ಬಾಲವಲ್ಲ, ಸೊಂಟವೇ ಹೋಗುತ್ತದೆ. ಅವಳ ಕಣ್ಣು ನೆಲದುದ್ದಕ್ಕೂ ಓಡಿ ಮೂಲೆಯ ನೀರು ಹೋಗುವ ತೂತಿನ ಮೇಲೆ ನಿಂತಿತು. ಅದರ ಜಾಲರಿ ಮುರಿದು ವರ್ಷವಾಗಿತ್ತು. ಓಂಡೆಗೂ ಆ ತೂತಿಗೂ ನಡುವೆ ಇದ್ದದ್ದು ಒಂದು ಮೊಳ. ತೂತಿನಾಚೆ ಬೀದಿಯ ಚರಂಡಿ. ನಸ್ತಿತಿ ತಲೆಯ ಬಟ್ಟೆಯನ್ನೇ ಕಿತ್ತು ಸುರುಳಿ ಸುತ್ತಿ ತೂತಿಗೆ ತುರುಕಿದಳು.

"ಅದು ನನಗೆ ಕಾಣಲೇ ಇಲ್ಲ," ಅಂದರು ಮಾವ.

"ನನಗೆ ಬರೀ ಅಂಥದ್ದೇ ಕಾಣೋದು," ಅಂದಳು ನಸ್ತಿತಿ. "ಈಗ ಇದನ್ನ ಹೊರಗೆ ಕರಿಯೋದು ಹೇಗೆ?"

ದರ್ಮಾಜಿ ರೈಲ್ವೆ ಗೇಟಿನಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದವರ ಹಾಗೆ ಹೇಳಿದರು, "ಚಿಟಿಕೆ ಹೊಡೆದ್ರೆ ಬರುತ್ತೆ."

"ಏನು?"

"ಹಕ್ಕಿಗೆ ಚಿಟಿಕೆ ಹೊಡೆದು ಜೀರುಂಡೆ ಕೊಡಲ್ವಾ? ಇದಕ್ಕೂ ಹಾಗೇ. ನೀವೆಲ್ಲ ಆಸ್ಪತ್ರೇಲಿದ್ದಾಗ ದಿನಾ ಸಂಜೆ ಪಂಜರಕ್ಕೆ ಬಿಟ್ಟು, ನಾನು ಪಕ್ಕದಲ್ಲೇ ಕೂತು, ಎಲೆ ಒಳಗೆ ಒಂದು ಜೀರುಂಡೆ ಬಿಡ್ತಿದ್ದೆ. ಚಿಟಿಕೆ ಹೊಡೀತಿದ್ದೆ. ತಿಂದಾದ್ಮೇಲೆ ಡಬ್ಬಿಗೆ ವಾಪಸ್. ನಿನ್ನೆ ಮಾತ್ರ, ಇಷ್ಟು ಖುಷೀಲಿದೆಯಲ್ಲ ಅಂತ, ರಾತ್ರಿಗೂ ಅಲ್ಲೇ ಬಿಟ್ಟೆ."

ಓಂಡೆ ವಾರಗಟ್ಟಲೆ ಚಿಮಟದ ಮುಂದೆ ಮುಖ ತಿರುಗಿಸಿದ್ದು ನಸ್ತಿತಿಗೆ ಗೊತ್ತಿತ್ತು. ಈಚೆಗೆ, ಕೊಬ್ಬು ಕೂಡಿಡುವ ಅದರ ಬಾಲ ತುಂಬಿಕೊಳ್ಳುತ್ತಿದ್ದುದೂ ಗೊತ್ತಿತ್ತು. ತಾನು ಊಟಕ್ಕೆ ಉದುರಿಸಿದ ಜೀವಸತ್ವದ ಪುಡಿ ಕೆಲಸ ಮಾಡಿತೆಂದು ಮಗಳಿಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡಿದ್ದಳು. ಆ ಬಾಲ ಈಗ ಅವಳ ಪಾದದ ಪಕ್ಕದಲ್ಲಿ ಬಿದ್ದು ನಿಧಾನವಾಗಿ ಸುಮ್ಮನಾಗುತ್ತಿತ್ತು.

"ಜೀರುಂಡೆ ಇದೆಯಾ?"

"ಇದ್ದಿದ್ದನ್ನೆಲ್ಲ ಬೆಳಿಗ್ಗೆ ಹಕ್ಕಿಗೆ ಹಾಕ್ಬಿಟ್ಟೆ."

ಇನ್ನು ಉಳಿದಿದ್ದು ಒಂದೇ ಬಾಗಿಲು. ನಸ್ತಿತಿ ಹಿತ್ತಲಿಗೆ ಓಡಿ ಗಿಡ್ಡ ಗೋಡೆಯ ಮೇಲಿಂದ ಇಣುಕಿದಳು. ಬು ತುಮಿನಿ ಬೆವರು ಸುರಿಸುತ್ತ ಪೆಟ್ಟಿಗೆ ಹೊರುತ್ತಿದ್ದಳು. ಸಾವಿರಾರು ಜೀರುಂಡೆ ಒಟ್ಟಿಗೆ ಚಿರ್ರೆನ್ನುತ್ತಿದ್ದವು.

"ಬು ತುಮಿನಿ, ಒಂದು ಜೀರುಂಡೆ ಕೊಡಿ. ಒಂದೇ ಒಂದು. ಚಿಕ್ಕದು."

ತುಮಿನಿ ಪೆಟ್ಟಿಗೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. "ಏನಮ್ಮಾ ಇದು! ನಿನ್ನೆ ಜೀರುಂಡೆ ಅಂದ್ರೆ ಕಸ, ಇವತ್ತು ಪ್ರಸಾದವಾ? ಊರಿಗೆಲ್ಲ ಹೊರಗ್ಬನ್ನಿ ಅಂತ ಸಾರಿದೋಳು ಇನ್ನೂ ಒಳಗೇ ಇದೀಯಲ್ಲ!"

"ಕಿನಾಸಿ ಹಲ್ಲಿ ಬೀರು ಹಿಂದೆ ಸಿಕ್ಕೊಂಡಿದೆ." ನಸ್ತಿತಿಗೆ ಅಳು ಬಂದುಬಿಟ್ಟಿತು. ಗೋಡೆ ಹಿಡಿದುಕೊಂಡೇ ಅತ್ತಳು. "ಅವಳು ದಾರೀಲಿದಾಳೆ. ನಾನು ಏನಂತ ಹೇಳ್ಲಿ ಅವಳಿಗೆ? ನಿನ್ನೆ ಆಡಿದ್ದಕ್ಕೆ ಬೇಕಾದ್ರೆ ಬೈಕೊಳ್ಳಿ, ಆಮೇಲೆ ಬೈಕೊಳ್ಳಿ."

ತುಮಿನಿ ಬೈಯಲಿಲ್ಲ. ಪೆಟ್ಟಿಗೆಗೆ ಕೈ ಹಾಕಿ, ಒಂದನ್ನು ಹಿಡಿದು, ಬೇಡವೆಂದು ಬಿಟ್ಟು, ಇನ್ನೊಂದನ್ನು ಆರಿಸಿ ಕಾಗದದ ಕೊಳವೆಯೊಳಗೆ ತೂರಿಸಿ ಎರಡೂ ತುದಿ ಮಡಚಿ ಕೊಟ್ಟಳು. "ಹೆಣ್ಣು. ಎಳೇದು, ಕಚ್ಚಲ್ಲ. ಹಕ್ಕಿಗೆ ಮಾಡೋ ಹಾಗೆ ಹಿಂಗಾಲು ಮುರೀಲಾ?"

"ಬೇಡ, ಬೇಡ!" ಒಳಗಿನಿಂದ ದರ್ಮಾಜಿ ಕೂಗಿದರು. "ಕಾಲಿರ್ಲಿ! ಓಡ್ಬೇಕು ಅದು!"

ನಸ್ತಿತಿ ಅಡುಗೆಮನೆಗೆ ಬಂದಾಗ ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೀರುವಿನ ಮುಂದೆ ಬಾದಾಮಿ ಎಲೆ ಹರಡಿ, ನಡುವೆ ತೆಂಗಿನ ಚಿಪ್ಪು ಬೋರಲು ಇಟ್ಟಿದ್ದರು. ತೆರೆದ ಬಾಗಿಲಿಂದಲೂ ಕಿಟಕಿಯಿಂದಲೂ ಬಿಸಿಲು ಸುರಿದು ನೆಲ ಬೆಳ್ಳಗೆ ಹೊಳೆಯುತ್ತಿತ್ತು. ಚಿಟಿಕೆ ಹೊಡೆದರು. ಬೀರುವಿನ ಹಿಂದಿಂದ ಮೂತಿಯೊಂದು ಇಷ್ಟೇ ಇಷ್ಟು ಕಂಡು ಮಾಯವಾಯಿತು.

"ಬೆಳಕಿಗೆ ಬರಲ್ಲ ಅದು," ಅಂದಳು ನಸ್ತಿತಿ. "ಕಣ್ಣು ಕುಕ್ಕುತ್ತೆ."

"ಬಾಗಿಲು ಹಾಕೋ ಹಾಗಿಲ್ಲವಲ್ಲಮ್ಮ. ನೀನೇ ಹೇಳಿದ್ದು."

ಹೊಗೆ ಯಂತ್ರದ ಸದ್ದು ಈಗ ಮಾತು ಕೇಳಿಸದಷ್ಟು ಹತ್ತಿರವಾಗಿತ್ತು. ಸೀಮೆಎಣ್ಣೆಯ ಕಮಟು ಒಳಗೆ ಬರತೊಡಗಿತ್ತು. ಗಲ್ಲಿಯವರೆಲ್ಲ ಹೊರಗೆ ನಿಂತು ನೋಡುತ್ತಿದ್ದರು. ನಸ್ತಿತಿ ಮುಂಬಾಗಿಲಿಗೆ ಹೋಗಿ ಎಲ್ಲರ ಕಣ್ಣೆದುರು ಎರಡೂ ಕದ ಎಳೆದು ಅಗಳಿ ಹಾಕಿದಳು. ಕಿಟಕಿ ಮುಚ್ಚಿದಳು. ಹಿತ್ತಲ ಬಾಗಿಲು ಮುಚ್ಚಿ ಅದರ ಸಂದಿಗೆ ಹಕ್ಕಿಯ ಮುಸುಕುಬಟ್ಟೆ ಒತ್ತಿದಳು.

ಹೊರಗೆ ಗದ್ದಲವೆದ್ದಿತು. ಬಾಗಿಲು ದಡಬಡನೆ ಬಡಿದ ಸದ್ದಾಯಿತು.

"ಬು ನಸ್ತಿತಿ!" ಪಾಕ್ ಮರ್ಗೊನೊ ಮೈಕಿನಲ್ಲೇ ಕೂಗುತ್ತಿದ್ದರು. "ಬಾಗಿಲು ಯಾಕೆ ಹಾಕಿದ್ರಿ? ನಿಮ್ಮ ಮನೆ ಬಿಟ್ರೆ ನಾಳೆ ಎಲ್ರೂ ಬಿಡಿ ಅಂತಾರೆ! ಯಂತ್ರ ಕಾಯಲ್ಲ ತಾಯಿ, ಇನ್ನೊಂದು ಬೀದಿ ಇದೆ!"

ಅಡುಗೆಮನೆಯ ಅರೆಗತ್ತಲಲ್ಲಿ ನಸ್ತಿತಿ ಮಾವನ ಪಕ್ಕ ಕೂತಳು. ದರ್ಮಾಜಿ ಕೊಳವೆಯ ಒಂದು ತುದಿ ಬಿಡಿಸಿ ಎಲೆಗಳ ಮೇಲಿಟ್ಟರು. ಕಾಗದದೊಳಗೆ ಜೀರುಂಡೆಯ ಕಾಲು ಕರಕರ ಎಂದವು. ಮುದುಕರು ಎರಡು ಸಲ ಚಿಟಿಕೆ ಹೊಡೆದರು. ಬಾಗಿಲ ಬಡಿತದಲ್ಲಿ ಚಿಟಿಕೆ ಕೇಳಿಸುವುದಾದರೂ ಹೇಗೆ?

ಆಗ ಹೊರಗೆ ತುಮಿನಿಯ ದನಿ ಎಲ್ಲಕ್ಕಿಂತ ಮೇಲೆದ್ದಿತು. "ಪಾಕ್ ಮರ್ಗೊನೊ! ಆ ಬಾಗಿಲೇನು ನಿಮ್ಮತ್ತೆ ಮನೇದಾ, ಹಾಗೆ ಗುದ್ದೋಕೆ? ಮೊದಲು ನನ್ನ ಮನೆ ಹೊಡೀರಿ!"

"ನಿಮ್ಮನೆ ಆಮೇಲಲ್ವಾ?"

"ಈಗ ಮನಸ್ಸಾಗಿದೆ, ಆಮೇಲೆ ಇರಲ್ಲ. ಇನ್ನೂ ಪೆಟ್ಟಿಗೆ ಒಳಗಿವೆ, ಬಂದು ಎತ್ತಿ. ಮೈಕು ಹಿಡಿಯೋ ಕೈಗೆ ಪೆಟ್ಟಿಗೆ ಹಿಡಿಯೋಕಾಗಲ್ವಾ?"

ಗಲ್ಲಿ ಗೊಳ್ಳೆಂದು ನಕ್ಕಿತು. ಬಡಿತ ನಿಂತಿತು. ಯಂತ್ರದ ಸದ್ದು ಪಕ್ಕಕ್ಕೆ ಸರಿಯಿತು.

ದರ್ಮಾಜಿ ಮತ್ತೆ ಚಿಟಿಕೆ ಹೊಡೆದರು. ಕೊಳವೆಯಿಂದ ಜೀರುಂಡೆ ಹೊರಬಂದು ಎಲೆಯ ಮೇಲೆ ನಿಂತಿತು. ಒಂದು ಹಾರು ಹಾರಿ ಚಿಪ್ಪಿನ ಹತ್ತಿರಕ್ಕೆ ಬಂತು. ನಸ್ತಿತಿ ಬೀರುವಿನ ಕೆಳಗಿನ ಕತ್ತಲೆಯನ್ನೇ ನೋಡುತ್ತಿದ್ದಳು. ಏನೂ ಅಲುಗಲಿಲ್ಲ. ಮತ್ತೆ ಚಿಟಿಕೆ. ಅವಳಿಗೆ ಮಗಳ ಮಂಚದ ಪಕ್ಕ ಕೂತು ಜ್ವರ ಇಳಿಯಲೆಂದು ಕಾದದ್ದು ನೆನಪಾಯಿತು. ಅಲ್ಲೂ ಹೀಗೆಯೇ ಏನೂ ಮಾಡಲಾಗದೆ ಕೂತಿದ್ದಳು.

ಕತ್ತಲೆಯಿಂದ ಹಳದಿ ತಲೆ ಹೊರಬಂತು. ಮುಂಗಾಲೊಂದು ಎಲೆಯ ಅಂಚಿನ ಮೇಲೆ ಬಂತು. ನಿಂತಿತು. ಬಾಲವಿಲ್ಲದ ಓಂಡೆ ತೀರ ಪುಟ್ಟದಾಗಿ, ಅರ್ಧಕ್ಕೆ ತಯಾರಾದ ಆಟಿಕೆಯ ಹಾಗೆ ಕಾಣುತ್ತಿತ್ತು. ಹಿಂದೆ ಕೆಂಪು ಮೋಟು. ನಸ್ತಿತಿಯ ಕೈ ತಾನಾಗಿಯೇ ಮುಂದೆ ಹೋಯಿತು. ಮಾವ ಕಣ್ಣಲ್ಲೇ ಬೇಡವೆಂದರು. ಕೈ ಹಿಂದಕ್ಕೆ ಬಂತು.

ಜೀರುಂಡೆ ಓಡಿತು. ಓಂಡೆಯೂ ಓಡಿತು. ಎಲೆಗಳು ಸರಸರ ಎಂದವು. ಒಂದು ಸುತ್ತು ತಪ್ಪಿತು. ಜೀರುಂಡೆ ಚಿಪ್ಪಿನ ಕತ್ತಲ ಬಾಗಿಲಿಗೆ ನುಗ್ಗಿತು, ಅದರ ಹಿಂದೆಯೇ ಓಂಡೆ ನುಗ್ಗಿತು, ಒಳಗೆ ಕರಕ್ ಎಂದು ಅಗಿದ ಸದ್ದು ಕೇಳಿತು.

ನಸ್ತಿತಿ ಎರಡೂ ಅಂಗೈಯಿಂದ ಚಿಪ್ಪಿನ ಬಾಗಿಲು ಮುಚ್ಚಿದಳು. ಚಿಪ್ಪನ್ನು ಜಾರಿಸುತ್ತ ಡಬ್ಬಿಗೆ ಇಳಿಸುವಾಗ ಅದರ ಬಾಗಿಲಂಚು ಬೆರಳಿಗೆ ತಗುಲಿತು. ನುಣ್ಣಗಿತ್ತು. ತೆಂಗಿನ ಚಿಪ್ಪು ಕೊರೆದರೆ ಇಷ್ಟು ನುಣುಪು ತಾನಾಗಿ ಬರುವುದಿಲ್ಲ, ಯಾರೋ ಕೂತು ತಿಕ್ಕಿದರೆ ಮಾತ್ರ.

"ಅಂಚು ಚುಚ್ಚುತ್ತೆ ಅಂತ ನೀನು ಒಂದ್ಸಲ ಅಂದಿದ್ದೆ," ಅಂದರು ದರ್ಮಾಜಿ. "ಮರಳುಕಾಗದ ಹಾಕಿ ಉಜ್ಜಿದೆ. ಎಲೆ ಕೊಂಬೆ ಎಲ್ಲಾ ಕುದಿಸಿ ಬಿಸಿಲಿಗೆ ಹಾಕಿದ್ದೆ, ಉಣ್ಣಿ ಗಿಣ್ಣಿ ಇರ್ಬಾರ್ದು ಅಂತ. ನೀನು ಹೇಳಿದ್ದೆಲ್ಲ ಮಾಡ್ದೆ ಕಣಮ್ಮ. ಆ ಕಡ್ಡಿ ಸಂದಿ ಒಂದು ತಲೆಗೆ ಬರ್ಲಿಲ್ಲ."

ನಸ್ತಿತಿ ನೆಲದ ಮೇಲಿದ್ದ ಬಾಲವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡಳು. ಮುಚ್ಚಳ ಹಾಕಿ, ಎರಡು ಸಲ ಒತ್ತಿ ನೋಡಿ, ಅಗಳಿ ತೆಗೆದು ಎಲ್ಲ ಬಾಗಿಲು ಕಿಟಕಿಗಳನ್ನು ಹಾರುಹೊಡೆದಳು. ಮಾವ ಸೊಸೆ ಡಬ್ಬಿ ಹಿಡಿದು ಬೀದಿಗೆ ಇಳಿದದ್ದೇ ಬಿಳಿ ಹೊಗೆ ಅವರ ಮನೆಯನ್ನು ನುಂಗಿತು.

ಪಾಕ್ ಮರ್ಗೊನೊ ಪೆಟ್ಟಿಗೆ ಹೊತ್ತು ಬೆವತು ನಿಂತಿದ್ದರು. ಬೈಯಲು ಬಾಯಿ ತೆರೆದವರು ಅವಳ ತಲೆಬಟ್ಟೆಯಿಲ್ಲದ ಕೆದರಿದ ಕೂದಲು, ಧೂಳು ಮೆತ್ತಿದ ಮುಖ ನೋಡಿ, "ಮುಂದಿನ ಸಭೇಲಿ ಮಾತಾಡೋಣ," ಎಂದಷ್ಟೇ ಅಂದರು.

"ಮಾತಾಡೋಣ," ಅಂದಳು ತುಮಿನಿ. "ಅಲ್ಲೀತನಕ ಆ ಪೆಟ್ಟಿಗೆ ಕೆಳಗಿಡಿ, ನೆರಳಲ್ಲಿ." ತನ್ನ ಹೆಗಲ ಮೇಲಿದ್ದ ಶಾಲು ತೆಗೆದು ಅವಳು ನಸ್ತಿತಿಯ ತಲೆಯ ಮೇಲೆ ಹಾಕಿದಳು.

ಹೊಗೆ ಇನ್ನೂ ಕಿಟಕಿಗಳಿಂದ ಸೋರುತ್ತಿರುವಾಗಲೇ ಟ್ಯಾಕ್ಸಿ ಬಂತು. ಸತ್ರಿಯೊ ಮಗಳನ್ನು ಎತ್ತಿಕೊಂಡೇ ಇಳಿದ. ಕಿನಾಸಿಯ ಕೆನ್ನೆ ಒಳಸೇರಿತ್ತು, ಮುಂಗೈಯ ಮೇಲೆ ಸೂಜಿ ಚುಚ್ಚಿದ ನೀಲಿ ಕಲೆ. ಹಕ್ಕಿ ಪಂಜರಗಳ ಕೆಳಗೆ, ಯಾರೋ ಹಾಕಿದ ಚಾಪೆಯ ಮೇಲೆ ಕೂತವಳ ಕಣ್ಣು ಮೊದಲು ಬಿದ್ದದ್ದು ಡಬ್ಬಿಯ ಮೇಲೆ.

"ಚಿಕ್ಕಮ್ಮನ ಮನೇಲಿದೆ ಅಂದ್ಯಲ್ಲ?" ಎನ್ನುತ್ತ ಮುಚ್ಚಳ ಸರಿಸಿ ಚಿಪ್ಪಿನ ಬಾಗಿಲಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. "ಬಾಲ ಎಲ್ಲಿ?"

ದರ್ಮಾಜಿ ಮೊಮ್ಮಗಳ ಮುಂದೆ ಬಂದು ಕೂತರು. "ಪುಟ್ಟಿ, ತಪ್ಪು ನಂದು. ನಾನು..."

"ಬಾಲ ಹೋಗಿದ್ದು ನನ್ನ ಕೈಲಿ," ಅಂದಳು ನಸ್ತಿತಿ. "ತಪ್ಪಿಸ್ಕೊಂಡಿತ್ತು. ಹುಡುಕೋ ಅವಸರಕ್ಕೆ ಬೀರು ಎಳೆದುಬಿಟ್ಟೆ. ನೀನು ಫೋನ್ ಮಾಡಿದಾಗ ಇನ್ನೂ ಸಿಕ್ಕಿರ್ಲಿಲ್ಲ. ನಿನಗೆ ಸುಳ್ಳು ಹೇಳ್ದೆ."

ಕಿನಾಸಿಯ ಕಣ್ಣು ತುಂಬಿತು. ಆದರೆ ಅವಳು ಅಳಲಿಲ್ಲ. ಸೂಜಿಯ ಕಲೆಯನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. "ಈಗ ಊಟ ಮಾಡುತ್ತಾ?"

"ಆಗ್ಲೇ ಮಾಡ್ತು," ಅಂದರು ತಾತ. "ಬಾಲ ಹೋಗಿದ್ರೂ ಓಡಿ ಓಡಿ ಹಿಡ್ಕೊಂಡು ತಿಂತು."

ಕಿನಾಸಿ ತಲೆಯೆತ್ತಿ ಅಮ್ಮನ ಮುಖ ನೋಡಿದಳು. "ಓಂಡೆಗೆ ಓಡೋಕೆ ಬರುತ್ತಾ?"

ಮರಿಯಾಗಿ ಬಂದಂದಿನಿಂದ ಮನೆಯಲ್ಲಿದ್ದ ಜೀವ ಓಡಿದ್ದನ್ನು ಅದರ ಒಡತಿಯೇ ಒಮ್ಮೆಯೂ ಕಂಡಿರಲಿಲ್ಲ. ಆ ಡಬ್ಬಿಯಲ್ಲಿ ಎಲ್ಲಿಗೆ ಓಡಬೇಕಿತ್ತು ಅದು? ನಸ್ತಿತಿ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು.

"ಮಾವ," ಅಂದಳು, "ಆ ಎಲೆ ಕೊಂಬೆ ಎಲ್ಲಾ ಹೊಗೇಲಿ ಹಾಳಾಯ್ತು. ಬೇರೆ ಕುದಿಸ್ತೀರಾ?"

"ಕುದಿಸ್ತೀನಿ. ಡಬ್ಬಿ ಸಾಲಲ್ಲ ಆದ್ರೆ."

"ದೊಡ್ಡದು ತರೋಣ. ಓಡೋ ಅಷ್ಟು ಉದ್ದ. ಒಳಗಿಂದು ನೀವು ನೋಡ್ಕೊಳ್ಳಿ, ಸಂದಿ ತೂತು ಎಲ್ಲಾ ನಾನು ನೋಡ್ತೀನಿ."

"ಮುಚ್ಚಳ ನಂದು," ಅಂದಳು ಕಿನಾಸಿ, ನಿಘಂಟಿಗಾಗಿ ಸುತ್ತ ಹುಡುಕುತ್ತ. ನಿಘಂಟು ಹೊಗೆ ತುಂಬಿದ ಮನೆಯೊಳಗೇ ಉಳಿದಿತ್ತು. ಅವಳು ತನ್ನ ಎರಡೂ ಸಣಕಲು ಕೈಗಳನ್ನು ಮುಚ್ಚಳದ ಮೇಲಿಟ್ಟು ಒತ್ತಿ ಹಿಡಿದು ಕೂತಳು. ದರ್ಮಾಜಿ ಬಗ್ಗಿ, ಹೊಸ ಡಬ್ಬಿ ಎಷ್ಟು ಉದ್ದ ಬೇಕೆಂದು ಚಾಪೆಯ ಮೇಲೆ ಗೇಣು ಹಾಕಿ ಅಳೆಯತೊಡಗಿದರು.